ಮೋಡ ಅಲ್ಲವ್ವಾ, ಒಲಿ ಅದು

ಮೊಬೈಲ್‌ನ್ಯಾಗ ಜಾಗಾ ತುಂಬೇದ ಅಂದ ಕೂಡ್ಲೆ ನಾವೆಲ್ಲಾ ಫೋಟೋ ಎತ್ತಿ ‘ಕ್ಲೌಡಿಗೆ’ ಹಾಕ್ತೇವಿ. ಮುಂಜಿವಿ ಫೋಟೋ, ಕುಬಸದ ವಿಡಿಯೋ, ಕಾಕು ಹೇಳಿದ ಮಾವಿನಕಾಯಿ ಉಪ್ಪಿನಕಾಯಿ ಅಳತಿ, ಎಲ್ಲಾ ಅಲ್ಲೇ. ಹೆಸರು ಕೇಳಿದ್ರ ಮ್ಯಾಲೆಲ್ಲೋ ಮೋಡದಂಗ ಹಗರಾಗಿ ತೇಲ್ತಿರಬೇಕು ಅನಸ್ತದ. ಖರೇ ಅಂದ್ರ ಅದು ಇರೋದು ನೆಲದ ಮ್ಯಾಲೆ, ದೊಡ್ಡ ದೊಡ್ಡ ಗೋಡೌನಿನಂಥಾ ಕಟ್ಟಡದಾಗ. ಒಳಗ ಸಾಲಾಗಿ ಕಪಾಟು, ಕಪಾಟಿನ ತುಂಬ ಕಂಪ್ಯೂಟರು, ಹಗಲೂ ರಾತ್ರಿ ಚಾಲೂ. ಡೇಟಾ ಸೆಂಟರ್ ಅಂತಾರ ಅದಕ್ಕ. ನಾ ಅಂತೂ ಒಲಿ ಅಂತೇನಿ. ಯಾಕಂದ್ರ ಕಂಪ್ಯೂಟರು ತಿಂದ ಕರೆಂಟು ಹೆಚ್ಚುಕಡಿಮಿ ಪೂರಾ ಕಾವಾಗೇ ಹೊರಗ ಬರ್ತದ. ಗೀಜರಿನಿಂದ ಬಿಸಿನೀರರೆ ಸಿಗ್ತದ. ಇಲ್ಲಿ ಬರೇ ಧಗಿ, ಅದನ್ನ ಹೊರಗ ಹಾಕಲಿಕ್ಕೆ ಮತ್ತ ಬ್ಯಾರೆ ಕರೆಂಟು.

ಈ ಒಲಿ ಮೊದಲು ಹೊತ್ತಿದ್ದು ಎಲ್ಲಿ, ಈಗ ಯಾರ ಮನಿ ಕರೆಂಟಿನ ತನಕಾ ಬಂದು ನಿಂತದ ಅನ್ನೋ ಕಥಿ ಇವತ್ತಿಂದು. ಅದರಾಗ ಒಬ್ಬಾಕಿ ಹೆಣಮಗಳು ಇದ್ದಾಳ, ಆಕಿಯಿಂದನ ಶುರು ಮಾಡ್ತೇನಿ.

ಕೇ ಮೆಕ್‌ನಲ್ಟಿ ಅಂತ. 1921ರಾಗ ಐರ್ಲೆಂಡಿನ ಡಾನೆಗಾಲ್ ಸೀಮ್ಯಾಗ ಹುಟ್ಟಿದಾಕಿ. ಮೂರು ವರ್ಷದ ಕೂಸಿದ್ದಾಗ ಮನಿಮಂದಿ ಎಲ್ಲಾ ಅಮೇರಿಕಾಕ್ಕ ಹೋದ್ರು. ಮನ್ಯಾಗ ಆಡೂದು ಐರಿಷ್ ಭಾಷಾ, ಹುಡುಗಿಗೆ ಇಂಗ್ಲೀಷಿನ ಒಂದು ಮಾತೂ ಬರ್ತಿರಲಿಲ್ಲ. ಆದ್ರ ಗಣಿತದಾಗ ಭಾಳ ಶಾಣ್ಯಾ. 1942ರಾಗ ಡಿಗ್ರಿ ಮುಗಿಸಿ ಕೆಲಸಕ್ಕ ಸೇರಿದ್ಲು. ಆ ಕೆಲಸದ ಹೆಸರೇ ‘ಕಂಪ್ಯೂಟರ್’! ಹೌದ್ರಿ, ಆಗ ಕಂಪ್ಯೂಟರ್ ಅಂದ್ರ ಮಷಿನ್ ಅಲ್ಲ, ಕೂತು ಲೆಕ್ಕಾ ಮಾಡೋ ಮನಷ್ಯಾ, ಅದರಾಗೂ ಹೆಚ್ಚಾಗಿ ಹೆಣಮಕ್ಕಳು. ಎರಡನೇ ಮಹಾಯುದ್ಧ ನಡದಿತ್ತು. ತೋಪು ಹಾರಿಸಿದ್ರ ಗುಂಡು ಎಲ್ಲಿ ಬೀಳ್ತದ ಅನ್ನೋ ಲೆಕ್ಕಾ ಇವರು ಮಾಡಬೇಕು. ಕೈಲೆ ಮಾಡಿದ್ರ ಒಂದೊಂದಕ್ಕ 30 ತಾಸಿನ ಮ್ಯಾಲೆ ಹಿಡೀತಿತ್ತು.

ಈ ಲೆಕ್ಕಾ ಬೇಗ ಆಗಲಿ ಅಂತ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಾಗ ಒಂದು ಮಷಿನ್ ಕಟ್ಟಿದ್ರು, ಇನಿಯಾಕ್ ಅಂತ. ತೂಕ 30 ಟನ್. ಒಂದು ದೊಡ್ಡ ಕೋಣಿ ತುಂಬ ಅದ. ಅದಕ್ಕ ಲೆಕ್ಕದ ಪಾಠಾ ಹೇಳಿಕೊಡಲಿಕ್ಕೆ ಆರು ಹೆಣಮಕ್ಕಳನ್ನ ಆರಿಸಿದ್ರು, ಅದರಾಗ ಕೇನೂ ಒಬ್ಬಾಕಿ. ಪುಸ್ತಕ ಇಲ್ಲ, ಕಲಿಸೋವ್ರಿಲ್ಲ. ಮಷಿನ್ನಿನ ನಕಾಶೆ ಹಿಡಕೊಂಡು ತಾವ ಕಲತು, ವಾಯರು ಕಿತ್ತಿ ಹಾಕಿ, ಸ್ವಿಚ್ ತಿರುವಿ, 30 ತಾಸಿನ ಲೆಕ್ಕಾ ಅರ್ಧ ನಿಮಿಷಕ್ಕ ಇಳಿಸಿದ್ರು. 1946ರ ಫೆಬ್ರುವರಿಯೊಳಗ ಪತ್ರಿಕಾದವರನ್ನ ಕರೆದು ತೋರಿಸಿದ್ರು. ಗಂಡಸರ ಹೆಸರು ಹೇಳಿದ್ರು, ಇವರ ಹೆಸರು ಹೇಳಲಿಲ್ಲ. ರಾತ್ರಿ ದೊಡ್ಡ ಊಟ ಇಟ್ಟಿದ್ರು, ಅದಕ್ಕೂ ಇವರನ್ನ ಕರೀಲಿಲ್ಲ. ಅಡಗಿ ಮಾಡಿದವರನ್ನ ಬಿಟ್ಟು ಉಳದವರು ಪಂಕ್ತಿಗೆ ಕೂತಂಗ! ಮುಂದ 1980ರ ದಶಕದಾಗ ಒಬ್ಬಾಕಿ ಹಳೇ ಫೋಟೋ ನೋಡಿ ಇವರು ಯಾರು ಅಂತ ಕೇಳಿದ್ರ, ಮಷಿನ್ ಚಂದ ಕಾಣಲಿ ಅಂತ ನಿಲ್ಲಿಸಿದ ಮಾಡೆಲ್‌ಗಳು ಅಂತ ಉತ್ತರ ಬಂದಿತ್ತಂತ. ಇರಲಿ, ಈ ಸಿಟ್ಟಿಗೆ ಬ್ಯಾರೆನ ಒಂದು ಲೇಖನ ಬರೀಬೇಕು.

ಈಗ ಒಲಿ ವಿಷಯ. ಇನಿಯಾಕ್ ಒಳಗ ಇದ್ದದ್ದು ಸುಮಾರು 18,000 ವಾಲ್ವು. ಅಜ್ಜನ ಕಾಲದ ರೇಡಿಯೋದಾಗ ಹಿಂದಿನಿಂದ ಹಣಿಕಿ ಹಾಕಿದ್ರ ಕೆಂಪಗ ಉರೀತಿದ್ವಲ್ಲಾ, ಅಂಥಾವು. ಎಲ್ಲಾ ಸೇರಿ 150 ಕಿಲೋವ್ಯಾಟ್ ತಿಂತಿತ್ತು ಅದು. ನಮ್ಮ ಲೆಕ್ಕದಾಗ ಹೇಳಬೇಕಂದ್ರ, ಎರಡು ಕಿಲೋವ್ಯಾಟಿನ 75 ಗೀಜರ್ ಒಂದೇ ಕೋಣಿಯೊಳಗ ಹಚ್ಚಿ ಬಿಟ್ಟಂಗ. ಗೃಹಜ್ಯೋತಿಯೊಳಗ ನಮಗ ತಿಂಗಳಿಗೆ ಪುಕ್ಕಟ ಸಿಗೋ 200 ಯುನಿಟ್ಟು ಅದಕ್ಕ ಒಂದು ತಾಸು ಇಪ್ಪತ್ತು ನಿಮಿಷದಾಗ ಮುಗದು ಹೋಗ್ತಿತ್ತು. ಆ ಧಗಿ ಹೊರಗ ಹಾಕಲಿಕ್ಕೆ ದೊಡ್ಡ ದೊಡ್ಡ ಫ್ಯಾನು. ಇದನ್ನ ಹಚ್ಚಿದ್ರ ಫಿಲಡೆಲ್ಫಿಯಾ ಊರಿನ ದೀಪಾ ಎಲ್ಲಾ ಮಂದ ಆಗ್ತಿದ್ವು ಅಂತ ಮಂದಿ ಹೇಳ್ತಿದ್ರು, ಅದು ಬರೇ ಕಟ್ಟುಕಥಿ.

ಇನ್ನೊಂದು ಮಜಾ ಅದ. ವಾಲ್ವು ಹೆಚ್ಚಾಗಿ ಹಾಳಾಗೂದು ಬಂದ್ ಮಾಡಿ ಮತ್ತ ಹಚ್ಚುವಾಗ, ಕಾಯೋದ್ರಾಗ ಮತ್ತ ತಣ್ಣಗ ಆಗೋದ್ರಾಗ. ಹಿಂಗಾಗಿ ಲೆಕ್ಕಾ ಇರಲಿ ಬಿಡಲಿ, ಇನಿಯಾಕ್ ಬಂದ್ ಮಾಡೂದೇ ಬ್ಯಾಡ ಅಂತ ಆತು. ಈಗಿನ ಡೇಟಾ ಸೆಂಟರಿನ್ಯಾಗ ವಾಲ್ವಿಲ್ಲ, ಆದ್ರೂ ಯಾವಾಗಲೂ ಉರೀತನ ಇರ್ತದ. ನೀವು ರಾತ್ರಿ ಎರಡಕ್ಕ ಎದ್ದು ಮಗಳ ಮದವಿ ಫೋಟೋ ನೋಡಬೇಕಂದ್ರ ಅದು ತಯಾರಿರಬೇಕಲ್ಲಾ!

ಇನಿಯಾಕ್ ಆಗಿ 12 ವರ್ಷಕ್ಕ, 1958ರಾಗ, ಅಮೇರಿಕಾದ ವಾಯುಸೇನಾ ‘ಸೇಜ್’ ಅಂತ ಒಂದು ವ್ಯವಸ್ಥಾ ಚಾಲೂ ಮಾಡ್ತು. ಅದರ ಒಂದೊಂದು ಕಂಪ್ಯೂಟರ್ 250 ಟನ್, ಒಂದೊಂದಕ್ಕ ಮೂರು ಮೆಗಾವ್ಯಾಟ್ ತನಕಾ ಕರೆಂಟು. ಇಪ್ಪತ್ತು ಇನಿಯಾಕ್ ಸೇರಿಸಿದಷ್ಟು! ಅಷ್ಟರಾಗ ಟ್ರಾನ್ಸಿಸ್ಟರ್ ಬಂದಿತ್ತು. ಉರಿಯೂ ವಾಲ್ವಿನ ಜಾಗಾದಾಗ ಸಾಸಿವಿಯಷ್ಟು ಸಣ್ಣದು, ಮುಂದ ಕಣ್ಣಿಗೂ ಕಾಣದಷ್ಟು ಸಣ್ಣದು. ಒಂದು ಲೆಕ್ಕಕ್ಕ ಬೇಕಾಗೋ ಕರೆಂಟು ಬಿದ್ದೇ ಹೋತು.

ಹಂಗಾದ್ರ ಒಟ್ಟು ಖರ್ಚು ಇಳೀಬೇಕಿತ್ತಲ್ಲಾ? ಇಳೀಲಿಲ್ಲ. ಯಾಕ ಅಂತ ನಮ್ಮ ಮನಿ ದೀಪಾ ನೋಡಿದ್ರನ ತಿಳೀತದ. ಮೊದಲು ಪಡಸಾಲ್ಯಾಗ ಒಂದು 60ರ ಬಲ್ಬು, ಅಡಗಿ ಮನ್ಯಾಗ ಒಂದು, ಅಲ್ಲಿಗೆ ಮುಗೀತು. ಎಲ್‌ಇಡಿ ಬಂದ ಮ್ಯಾಲೆ ‘ಏನು ತಿಂತದ ಬಿಡು’ ಅಂತ ದೇವರ ಮನಿಗೆ ನಾಕು, ಗೇಟಿಗೆ ಎರಡು, ತುಳಸಿಕಟ್ಟಿಗೆ ಮಾಲಿ. ಕಂಪ್ಯೂಟರಿಂದೂ ಇದೇ ಹಾಡು. ಸೋವಿ ಆದಂಗ ಎಲ್ಲಾದಕ್ಕೂ ಬಂತು.

ಉಳಿತಾಯದ ಕೆಲಸಾ ಮಾಡಲಿಲ್ಲ ಅಂತಲ್ಲ, ಛಲೋನ ಮಾಡ್ಯಾರ. 2007ರ ಸುಮಾರಿಗೆ ಕಂಪ್ಯೂಟರಿಗೆ ಒಂದು ಯುನಿಟ್ಟು ಹೋದ್ರ, ತಂಪು ಮಾಡಲಿಕ್ಕೆ ಮತ್ತ ಮ್ಯಾಲಿನ ಖರ್ಚಿಗೆ ಹತ್ತಿರ ಹತ್ತಿರ ಇನ್ನೊಂದು ಯುನಿಟ್ಟು ಹೋಗ್ತಿತ್ತು. ಕೋಣಿ ತುಂಬ ಎಸಿ ಹೊಡಿಸಿ, ಅದೇ ತಂಪಿನೊಳಗ ಬಿಸಿ ಗಾಳಿ ಕಲಸೂದು, ಫ್ರಿಜ್ಜಿನ ಬಾಗಲಾ ತಗದಿಟ್ಟು ಒಲಿ ಹಚ್ಚಿದಂಗ. ಆಮ್ಯಾಲೆ ಕಪಾಟುಗಳನ್ನ ಮುಖಾಮುಖಿ, ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿದ್ರು. ಮುಖದ ಕಡೆ ಓಣಿಯೊಳಗ ತಂಪು ಗಾಳಿ, ಬೆನ್ನಿನ ಕಡೆ ಓಣಿಯೊಳಗ ಬಿಸಿ ಗಾಳಿ, ಎರಡೂ ಕೂಡಬಾರದು. ಅಡಗಿ ಮನಿಗೆ ಹೊಗಿಗೂಡು ಕಟ್ಟಿದವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಗೂಗಲ್‌ನವರು ಈಗ ಆ ಮ್ಯಾಲಿನ ಖರ್ಚು ನೂರಕ್ಕ ಹತ್ತರ ಹತ್ತಿರ ಇಳಿಸೇವಿ ಅಂತಾರ.

ತಂಪಿರೋ ಕಡೆ, ಕರೆಂಟಿರೋ ಕಡೆ ಗಂಟು ಕಟ್ಟಿಕೊಂಡು ಹೋಗೂದೂ ಶುರು ಆತು. 2006ರಾಗ ಗೂಗಲ್ ಅಮೇರಿಕಾದ ಕೊಲಂಬಿಯಾ ಹೊಳಿ ದಂಡಿ ಮ್ಯಾಲೆ ದಿ ಡ್ಯಾಲ್ಸ್ ಅನ್ನೋ ಸಣ್ಣ ಊರಾಗ ಕಟ್ಟಿತು. ಅಲ್ಲಿ ಆಣೆಕಟ್ಟಿನ ಕರೆಂಟು ಸೋವಿ. ಅದೇ ಕರೆಂಟಿನ ಮ್ಯಾಲೆ ಮೊದಲು ಅಲ್ಯುಮಿನಿಯಂ ಕಾರಖಾನಿ ನಡೀತಿತ್ತು. ಫಿನ್‌ಲೆಂಡಿನ್ಯಾಗ ಹಳೇ ಕಾಗದದ ಮಿಲ್ ಕೊಂಡು, ಸಮುದ್ರದ ನೀರಿನಿಂದ ತಂಪು ಮಾಡ್ತಾರ.

ಇನ್ನ ಕೇ ಹುಟ್ಟಿದ ಐರ್ಲೆಂಡಿಗೆ ಬರೋಣು. ವರ್ಷಪೂರ್ತಿ ತಂಪು ಹವಾ, ಇಂಗ್ಲೀಷ್ ಮಾತಾಡೋ ಮಂದಿ, ಕಂಪನಿಗೆ ತೆರಿಗಿ ಕಡಿಮಿ. 2009ರಾಗ ಮೈಕ್ರೋಸಾಫ್ಟ್ ಡಬ್ಲಿನ್‌ನ್ಯಾಗ ಹೊರಗಿನ ಗಾಳಿಯಿಂದನ ತಂಪು ಮಾಡೋ ದೊಡ್ಡ ಡೇಟಾ ಸೆಂಟರ್ ತಗೀತು. ಹಿಂದಿಂದ ಉಳದವರೂ ಬಂದ್ರು. ಆ ದೇಶದ ಸರಕಾರಿ ಅಂಕಿಅಂಶ ಕಚೇರಿ ವರ್ಷಾ ಲೆಕ್ಕಾ ಕೊಡ್ತದ. 2015ರಾಗ ದೇಶದ ಅಳೆದ ಕರೆಂಟಿನೊಳಗ ಡೇಟಾ ಸೆಂಟರಿನ ಪಾಲು ನೂರಕ್ಕ 5. 2022ರಾಗ 18. ಪ್ಯಾಟಿ ಊರಿನ ಮನಿಗಳೆಲ್ಲಾ ಸೇರಿ ಬಳಸಿದ್ದೂ ಅಷ್ಟ. 2023ರಾಗ ಡೇಟಾ ಸೆಂಟರ್ 21ಕ್ಕ ಏರಿ ಆ ಮನಿಗಳನ್ನ ಹಿಂದ ಹಾಕ್ತು.

2022 ಅಂದ್ರ ಉಕ್ರೇನ್ ಯುದ್ಧದ ವರ್ಷ. ಗ್ಯಾಸು ಕರೆಂಟು ಎರಡೂ ತುಟ್ಟಿ. ಸಂಜಿ ಐದರಿಂದ ಏಳರ ತನಕಾ ಕರೆಂಟು ಕಡಿಮಿ ಬಳಸ್ರಿ ಅಂತ ಸರಕಾರ ಮನಿಮನಿಗೆ ಹೇಳ್ತು. ನಮ್ಮ ಮೌಶಿ ಮೊಮ್ಮಗಳು ಅಲ್ಲೇ ಇರ್ತಾಳ. ಮಕ್ಕಳು ಸಾಲಿಯಿಂದ ಬಂದು ಹಸಿವಿ ಅನ್ನೋ ಹೊತ್ತಿನಾಗನ ಒಲಿ ಹಚ್ಚಬ್ಯಾಡ ಅಂತಾರ ನೋಡ್ರಿ ಅಂತ ಫೋನಿನ್ಯಾಗ ನಗ್ತಿದ್ಲು. ವಾಷಿಂಗ್ ಮಷಿನ್ ರಾತ್ರಿ ಹತ್ತರ ಮ್ಯಾಲೆ ಹಚ್ಚೋ ರೂಢಿ ಮಾಡಿಕೊಂಡಾಳ. ಮನಿಯೊಳಗಿನ ಹೆಣಮಗಳು ತನ್ನ ಹೊತ್ತು ಸರಿಸಬೇಕು, ಪಕ್ಕದ ಗೋಡೌನು ಮಾತ್ರ ಸಂಜಿ ಆರಕ್ಕೂ ಚಾಲೂ. ನನಗ ಇದು ಸರಿ ಅನಸೂದಿಲ್ಲ. ಆ ಗೋಡೌನಿನ್ಯಾಗ ನನ್ನ ಫೋಟೋನೂ ಇರಬಹುದು, ಆದ್ರೂ ಅನಸೂದಿಲ್ಲ. ಡಬ್ಲಿನ್ ಸುತ್ತ 2028ರ ತನಕಾ ಹೊಸಾ ಡೇಟಾ ಸೆಂಟರಿಗೆ ಕರೆಂಟು ಸಿಗೂದು ಕಷ್ಟ ಅಂತ ಗ್ರಿಡ್ ನಡಸೋವರೇ ಕೊನಿಗೆ ಹೇಳಬೇಕಾತು.

ಈ ಎಲ್ಲಾದರ ಮ್ಯಾಲೆ ಈಗ ಎಐ ಬಂದದ. ನಮ್ಮ ಹುಡುಗರು ಏನು ಕೇಳಿದ್ರೂ ಅದಕ್ಕ ಕೇಳ್ತಾರ. 2024ರಾಗ ಜಗತ್ತಿನ ಒಟ್ಟು ಕರೆಂಟಿನ್ಯಾಗ ಡೇಟಾ ಸೆಂಟರಿನ ಪಾಲು ನೂರಕ್ಕ ಒಂದೂವರೆ. 2030ರ ಹೊತ್ತಿಗೆ ಈ ಬಳಕಿ ಎರಡು ಪಟ್ಟಿನ ಮ್ಯಾಲೆ ಆಗ್ತದ ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು.

ಐರ್ಲೆಂಡಿನವರು ಒಂದು ಕೆಲಸಾ ಮಾತ್ರ ನನ್ನ ಮನಸಿಗೆ ಬರೋವಂಗ ಮಾಡ್ಯಾರ. ನಮ್ಮ ಕೋಡೊಲಿ ನೆನಪದ ಅಲ್ಲಾ? ಮುಂದಿನ ಒಲಿ ಮ್ಯಾಲೆ ಅನ್ನಾ ಬೇಯೂದ್ರಾಗ, ಹಿಂದ ಹೋಗೋ ಕಾವಿನ ಮ್ಯಾಲೆ ಸಾರಿನ ಪಾತೇಲಿ ಇಡ್ತಿದ್ವಿ. ಡಬ್ಲಿನ್ ಹತ್ತಿರದ ಟಾಲಾ ಊರಾಗ 2023ರಿಂದ ಅಮೆಜಾನ್ ಡೇಟಾ ಸೆಂಟರಿನ ಬಿಸಿಯಿಂದ ನೀರು ಕಾಸಿ, ಪೈಪಿನ್ಯಾಗ ಕಳಿಸಿ, ಊರಿನ ಸರಕಾರಿ ಕಟ್ಟಡ ಮತ್ತ ಕಾಲೇಜು ಬೆಚ್ಚಗ ಇಡ್ತಾರ. ಡೇಟಾ ಸೆಂಟರಿನವರು ಆ ಕಾವಿಗೆ ರೊಕ್ಕಾ ತಗೊಳ್ಳೂದಿಲ್ಲಂತ. ಕೇ ಹೆಸರೂ ಆ ದೇಶದವರು ಮರೆತಿಲ್ಲ. 2018ರಾಗ ತಮ್ಮ ಹೊಸಾ ಸೂಪರ್ ಕಂಪ್ಯೂಟರಿಗೆ ಏನು ಹೆಸರಿಡೋಣು ಅಂತ ಮಂದಿಗೆ ಕೇಳಿದ್ರು, ಮಂದಿ ‘ಕೇ’ ಅಂತ ಆರಿಸಿದ್ರು. ಆ ಊಟಕ್ಕ ಕರೀದ ಹುಡುಗಿ ಹೆಸರು.