ಶಾಲೆಯ ಕೈತೋಟ: ಒಂದು ಹಳೆಯ ಪ್ರಶ್ನೆ

ಹೊಸ ಅಗ್ರಹಾರದ ಸೀಮೆಯ ಶಾಲೆಯೊಂದರಲ್ಲಿ ನಾನು ಉಪಾಧ್ಯಾಯನಾಗಿದ್ದ ಕಾಲದ ಮಾತು. ಬೋರ್‌ವೆಲ್ಲಿನ ಪಕ್ಕದಲ್ಲಿ ನಾಲ್ಕು ಪಾತಿಗಳ ಕೈತೋಟವಿತ್ತು. ದಂಟು, ಬದನೆ, ಅಲಸಂದೆ ಬೆಳೆಯುತ್ತಿದ್ದೆವು. ಒಂದು ದಿನ ಹಿರಿಯ ರೈತರೊಬ್ಬರು ಬೇಲಿಯಾಚೆ ನಿಂತು, “ಮೇಷ್ಟ್ರೇ, ಕಳೆ ಕೀಳೋದನ್ನ ನಾವೇ ಕಲಿಸ್ತೀವಿ, ನೀವು ನಾಕಕ್ಷರ ಕಲಿಸಿ ಸಾಕು” ಎಂದರು. ಭತ್ತದ ಕಣಜವೆನಿಸಿದ ಕೃಷ್ಣರಾಜನಗರ ತಾಲ್ಲೂಕಿನಲ್ಲಿ, ಗದ್ದೆಯ ಬದುವಿನ ಮೇಲೆಯೇ ನಡೆಯಲು ಕಲಿತ ಮಕ್ಕಳಿಗೆ ಮಣ್ಣಿನ ಪಾಠವೇಕೆ? ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಶಾಲಾತೋಟದ ಕಲ್ಪನೆ ಹೊಸದಲ್ಲ. ಜರ್ಮನಿಯ ಫ್ರೆಡರಿಕ್ ಫ್ರೋಬೆಲ್ ಅವರು 1840ರಲ್ಲಿ ತಮ್ಮ ಶಿಶುಶಾಲೆಗೆ ‘ಕಿಂಡರ್‌ಗಾರ್ಟನ್’ ಎಂದು ಹೆಸರಿಟ್ಟರು. ಅದರ ಅರ್ಥವೇ ಮಕ್ಕಳ ತೋಟ. ಅದು ಬರಿಯ ಉಪಮೆಯಾಗಿರಲಿಲ್ಲ. ಪ್ರತಿ ಮಗುವಿಗೂ ತನ್ನದೇ ಆದ ಪುಟ್ಟ ಪಾತಿ, ಜೊತೆಗೆ ಎಲ್ಲರಿಗೂ ಸೇರಿದ ಪಾತಿ ಇರಬೇಕೆಂಬುದು ಅವರ ಯೋಜನೆ.

ನಮ್ಮ ದೇಶದಲ್ಲಿ 1937ರ ಅಕ್ಟೋಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ವಾರ್ಧಾ ಶಿಕ್ಷಣ ಸಮ್ಮೇಳನ ನಡೆಯಿತು. ಅಲ್ಲಿ ನೇಮಕವಾದ ಡಾ. ಜಾಕಿರ್ ಹುಸೇನರ ಸಮಿತಿಯು ಮೂಲಶಿಕ್ಷಣದ ಕಸುಬುಗಳಲ್ಲಿ ನೂಲು-ನೇಯ್ಗೆ, ಬಡಗಿ ಕೆಲಸ, ಕೃಷಿಗಳೊಂದಿಗೆ ಹಣ್ಣು-ತರಕಾರಿಗಳ ತೋಟಗಾರಿಕೆಯನ್ನೂ ಸೇರಿಸಿತು. ಆದರೆ ಅದೇ ವರದಿ ಒಂದು ಎಚ್ಚರಿಕೆಯನ್ನೂ ನೀಡಿತ್ತು: ಉತ್ಪನ್ನದ ಆಸೆಗೆ ಬಿದ್ದ ಉಪಾಧ್ಯಾಯರು ಮಕ್ಕಳಿಂದ ದುಡಿಸಿಕೊಳ್ಳುವುದರಲ್ಲೇ ಮಗ್ನರಾಗಿ ಕಲಿಕೆಯನ್ನು ಮರೆಯುವ ಅಪಾಯವಿದೆ ಎಂದು. ಮುಂದೆ ಕೊಠಾರಿ ಆಯೋಗ (1964–66) ಇದನ್ನೇ ‘ಕಾರ್ಯಾನುಭವ’ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯಿಂದ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂಬ ಹೆಸರು ಬಂದಿತು. ನಿಮಗೆಲ್ಲ ಅದು ಎಸ್.ಯು.ಪಿ.ಡಬ್ಲ್ಯು. ಪೀರಿಯಡ್ಡು ಎಂದೇ ನೆನಪಿದ್ದೀತು.

ವಾರ್ಧಾ ವರದಿ ಎಚ್ಚರಿಸಿದ ತಪ್ಪನ್ನು ನಾನೂ ಮಾಡಿದೆ, ಅದೂ ಬೇರೊಂದು ರೀತಿಯಲ್ಲಿ. ತಡವಾಗಿ ಬಂದವರಿಗೆ, ಮಗ್ಗಿ ತಪ್ಪಿದವರಿಗೆ ಕಳೆ ಕೀಳುವ ಶಿಕ್ಷೆ ವಿಧಿಸುತ್ತಿದ್ದೆ. ಜಾಣರು ನೆರಳಿನಲ್ಲಿ, ಉಳಿದವರು ಬಿಸಿಲಿನಲ್ಲಿ. ತಂದೆತಾಯಿ ದಿನವೂ ಮಾಡುವ ಕೆಲಸವೇ ದಡ್ಡರಿಗೆ ಸಿಗುವ ದಂಡನೆ ಎಂಬುದನ್ನು ಆ ಎಳೆಯ ಮನಸ್ಸುಗಳಿಗೆ ನಾನೇ ಕಲಿಸಿದಂತಾಯಿತು.

ನನ್ನ ಕಣ್ಣು ತೆರೆಸಿದವನು ಲೆಕ್ಕಕ್ಕೆ ಹೆದರುತ್ತಿದ್ದ ಹುಡುಗನೊಬ್ಬ. ಒಮ್ಮೆ ಇಪ್ಪತ್ತು ಅಲಸಂದೆ ಬೀಜ ಬಿತ್ತಿದ್ದೆವು, ಹದಿನೈದು ಮೊಳೆತವು. ಶೇಕಡಾ ಎಷ್ಟು ಎಂದು ನಾನು ಕೇಳಿದರೆ ಆತ, “ಸಾರ್, ಇನ್ನೈದು ಯಾಕೆ ಹುಟ್ಟಲಿಲ್ಲ?” ಎಂದು ಮರುಪ್ರಶ್ನೆ ಹಾಕಿದ. ಕೆದಕಿ ನೋಡಿದೆವು. ಪಾತಿಯ ತಗ್ಗಿನಲ್ಲಿ ನೀರು ನಿಂತು ಬೀಜ ಕೊಳೆತಿತ್ತು. ಮರುವಾರ ಅವನೇ ಪಾತಿಯನ್ನು ಸಮ ಮಾಡಿ, ಮತ್ತೆ ಬಿತ್ತಿ, ಎಣಿಸಿ, ಶೇಕಡಾವಾರು ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದ. ಅಂದಿನಿಂದ ಕಳೆ ಕೀಳುವ ಶಿಕ್ಷೆಯನ್ನು ನಿಲ್ಲಿಸಿದೆ; ಒಂದೊಂದು ಗುಂಪಿಗೆ ಒಂದೊಂದು ಪಾತಿಯನ್ನು ವಹಿಸಿಕೊಟ್ಟೆ.

ಆ ಹಿರಿಯ ರೈತರಿಗೆ ಈಗ ಉತ್ತರ ಹೇಳಬಲ್ಲೆ. ಗದ್ದೆಯಲ್ಲಿ ಬೀಜ ಕೊಳೆತರೆ ಸಂಸಾರಕ್ಕೆ ನಷ್ಟ. ಅಲ್ಲಿ ಮಗು ಹೇಳಿದ್ದನ್ನು ಮಾಡಬೇಕಷ್ಟೆ. ಶಾಲೆಯ ಪಾತಿಯಲ್ಲಿ ಐದು ಬೀಜ ಹಾಳಾದರೆ ಯಾರ ಊಟಕ್ಕೂ ಕೊರತೆಯಿಲ್ಲ. ಆದುದರಿಂದಲೇ ಅಲ್ಲಿ ‘ಯಾಕೆ’ ಎಂದು ಕೇಳಲು ಬಿಡುವುಂಟು.

2019ರಲ್ಲಿ ಕೇಂದ್ರ ಸರ್ಕಾರವು ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿ ಹೊರಡಿಸಿತು. ಮಕ್ಕಳು ಬೆಳೆದ ಸೊಪ್ಪು ಬಿಸಿಯೂಟದ ಸಾರಿಗೆ ಸೇರಲಿ, ಸಂತೋಷ. ಆದರೆ ಸೊಪ್ಪಿನ ತೂಕಕ್ಕಿಂತ ಮಕ್ಕಳ ಪ್ರಶ್ನೆಗಳನ್ನು ಎಣಿಸುವವರು ಇರಲಿ.

ಇದನ್ನು ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅಂದು ಬಿಸಿಲಿನಲ್ಲಿ ಕಳೆ ಕಿತ್ತವರಿದ್ದರೆ, ಈ ಮುದಿ ಮೇಷ್ಟರನ್ನು ಕ್ಷಮಿಸಿರಿ. ನಿಮ್ಮ ಮಕ್ಕಳಿಗೆ ಒಂದು ಕುಂಡವನ್ನಾದರೂ ಕೊಡಿರಿ. ಅವರು ಬೀಜವನ್ನು ಕೆದಕಿ ನೋಡಿದರೆ ಗದರಬೇಡಿರಿ.