ಹುಲಿಯೇ ತೆಗೆದ ಹುಲಿಯ ಚಿತ್ರ

ಕಾಡಿನ ಹುಲಿಯ ಚಿತ್ರವೊಂದನ್ನು ಪತ್ರಿಕೆಯ ಪುಟದಲ್ಲಿ ಕಂಡಾಗ ನಾವು ಅದರ ಪಟ್ಟೆಗಳನ್ನು ನೋಡುತ್ತೇವೆ, ಕಣ್ಣುಗಳನ್ನು ನೋಡುತ್ತೇವೆ. ನಡುರಾತ್ರಿಯಲ್ಲಿ ಅದರ ಮೈಮೇಲೆ ಬಿದ್ದ ಬೆಳಕು ಎಲ್ಲಿಂದ ಬಂತೆಂದು ಕೇಳುವುದಿಲ್ಲ. ನೀರಿನ ಹನಿಯಲ್ಲಿ ಈಜುವ ಜೀವಿಯ ಚಿತ್ರವನ್ನು ಪಠ್ಯಪುಸ್ತಕದಲ್ಲಿ ಕಂಡಾಗಲೂ ಅಷ್ಟೆ. ಚಿತ್ರ ತೆಗೆಯುವ ಹೊತ್ತಿಗೆ ಅದು ಬದುಕಿತ್ತೆ, ಸತ್ತಿತ್ತೆ ಎಂಬ ಸಂದೇಹ ನಮಗೆ ಹುಟ್ಟುವುದಿಲ್ಲ. ಈ ಎರಡು ಪ್ರಶ್ನೆಗಳೂ ಬುಡದಲ್ಲಿ ಒಂದೇ. ನೋಡಬೇಕಾದರೆ ಬೆಳಕು ಬೇಕು. ಬೆಳಕನ್ನು ಹಿಡಿದು ಹೋದವನು ತಾನು ನೋಡಬಯಸಿದ ಬದುಕನ್ನೇ ಕದಡಿಬಿಡುತ್ತಾನೆ. ವನ್ಯಜೀವಿಗಳ ಛಾಯಾಗ್ರಹಣದ ಕಥೆಯನ್ನು ಮಸೂರಗಳ ಕಥೆಯಾಗಿ ಹೇಳುವವರುಂಟು. ನನಗೆ ಮಾತ್ರ ಅದು ಮನುಷ್ಯ ತನ್ನನ್ನು ಮರೆಮಾಡಿಕೊಳ್ಳಲು ಕಲಿತ ಚರಿತ್ರೆಯಾಗಿ ಕಾಣುತ್ತದೆ.

1839ರಲ್ಲಿ ಡಗೇರನ ವಿಧಾನ ಲೋಕಕ್ಕೆ ತಿಳಿದಾಗ ಕ್ಯಾಮೆರಾದ ಮುಂದೆ ಕುಳಿತವರು ಕಲ್ಲಿನಂತೆ ಕುಳಿತಿರಬೇಕಾಗಿತ್ತು. ಮನುಷ್ಯರಿಗೆ ಹೇಳಿದರೆ ಕುಳಿತಾರು, ಜಿಂಕೆಗೆ ಹೇಳುವವರು ಯಾರು? ಆ ಕಾಲದ ಪ್ರಾಣಿಚಿತ್ರಗಳು ಮೃಗಾಲಯದವು, ಇಲ್ಲವೆ ಒಳಗೆ ಹುಲ್ಲು ತುಂಬಿದ ಚರ್ಮಗಳವು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿದ್ದ ನೀರಾನೆಯ ಪ್ರಸಿದ್ಧ ಚಿತ್ರವೊಂದು 1852ರದು. ನೀರಿನ ಅಂಚಿನಲ್ಲಿ ನೀರಾನೆ ಮೈಚಾಚಿ ಮಲಗಿದೆ. ಕಂಬಿಗಳ ಆಚೆ ನಿಂತ ಜನ ಅದನ್ನು ನೋಡುತ್ತಿದ್ದಾರೆ. ಅದು ಮಲಗಿದ್ದರಿಂದಲೇ ಚಿತ್ರ ಬಂದಿತು ಎನ್ನಬಹುದು. 1878ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಮೈಬ್ರಿಜ್ ಎಂಬಾತ ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಓಡುವ ಕುದುರೆಯ ನಾಲ್ಕು ಕಾಲುಗಳೂ ಒಂದು ಗಳಿಗೆ ನೆಲ ಬಿಟ್ಟಿರುತ್ತವೆಂದು ತೋರಿಸಿದ. ನಾಲ್ಕು ವರ್ಷಗಳ ಅನಂತರ ಫ್ರಾನ್ಸಿನ ಮಾರೇ, ಹಾರುವ ಹಕ್ಕಿಯನ್ನು ಸೆಕೆಂಡಿಗೆ ಹನ್ನೆರಡು ಸಲ ಹಿಡಿಯುವ ಸಾಧನವೊಂದನ್ನು ಮಾಡಿದ. ಅದರ ಆಕಾರ ಥೇಟ್ ಬಂದೂಕು. ಹೆಗಲಿಗಾನಿಸಿ ಗುರಿಯಿಟ್ಟು ಕುದುರೆ ಎಳೆಯಬೇಕು. ನಮ್ಮ ಆಡುಮಾತಿನಲ್ಲೂ ‘ಫೋಟೋ ಹೊಡೆಯುತ್ತಾರೆ’, ಹಂದಿ ಹೊಡೆದ ಹಾಗೆ. ಈ ಕಲೆ ಬೇಟೆಯ ಮನೆಯಲ್ಲಿ ಹುಟ್ಟಿತೆಂಬುದನ್ನು ಭಾಷೆ ಇನ್ನೂ ಮರೆತಿಲ್ಲ.

ಅಮೆರಿಕದ ಜಾರ್ಜ್ ಷಿರಾಸ್ ನಿಜವಾಗಿಯೂ ಬೇಟೆಗಾರನೇ. ಮಿಷಿಗನ್ ಪ್ರಾಂತದ ಸರೋವರವೊಂದರಲ್ಲಿ, ದೋಣಿಯ ಮುಂಭಾಗಕ್ಕೆ ದೀಪ ಕಟ್ಟಿಕೊಂಡು, ನೀರು ಕುಡಿಯಲು ಬಂದ ಜಿಂಕೆಯ ಕಣ್ಣು ಆ ಬೆಳಕಿಗೆ ಹೊಳೆದ ಕಡೆ ಗುಂಡು ಹಾರಿಸುವುದನ್ನು ಆತ ಅಲ್ಲಿನ ಮೂಲನಿವಾಸಿಗಳಿಂದ ಕಲಿತಿದ್ದ. ಮುಂದೆ ಕೋವಿಯನ್ನು ಕೆಳಗಿಟ್ಟು ಅದೇ ದೋಣಿ, ಅದೇ ದೀಪ, ಅದೇ ಮೌನದೊಂದಿಗೆ ಕ್ಯಾಮೆರಾ ಎತ್ತಿಕೊಂಡ. ಬೆಳಕಿಗೆ ಮೆಗ್ನೀಸಿಯಂ ಪುಡಿ. ಹೊತ್ತಿಸಿದೊಡನೆ ಗುಡುಗು ಸಿಡಿಲೆರಡೂ ಒಟ್ಟಿಗೆ ಬಂದಂತೆ. 1906ರ ಜುಲೈ ತಿಂಗಳಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಆತನ 74 ಚಿತ್ರಗಳನ್ನು ಒಂದೇ ಸಂಚಿಕೆಯಲ್ಲಿ ಅಚ್ಚುಮಾಡಿತು. ಗಂಭೀರವಾದ ಶಾಸ್ತ್ರಪತ್ರಿಕೆ ಚಿತ್ರಪುಸ್ತಕವಾಗುತ್ತಿದೆಯೆಂದು ಮುನಿದು ಮಂಡಳಿಯ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು. ಇಂದು ಆ ಪತ್ರಿಕೆಯ ಹೆಸರು ಹೇಳಿದರೆ ಜನರಿಗೆ ಚಿತ್ರಗಳೇ ನೆನಪಾಗುತ್ತವೆ. ಆ ಇಬ್ಬರ ಹೆಸರು ಯಾರಿಗೂ ನೆನಪಿಲ್ಲ.

ಷಿರಾಸನ ಚಿತ್ರಗಳಲ್ಲಿ ಮೂರು ಜಿಂಕೆಗಳು ಕತ್ತಲೆಗೆ ನೆಗೆಯುತ್ತಿರುವುದೊಂದು ಇದೆ. ನೋಡಲು ಅತ್ಯಂತ ಸುಂದರ. ಆದರೆ ಅವು ನೆಗೆಯುತ್ತಿರುವುದು ಏಕೆ? ಛಾಯಾಗ್ರಾಹಕನ ಬೆಳಕು ಅವುಗಳನ್ನು ಬೆದರಿಸಿದೆ. ನಾವು ಮೆಚ್ಚುತ್ತಿರುವುದು ಕಾಡಿನ ಒಂದು ರಾತ್ರಿಯನ್ನಲ್ಲ, ಆ ರಾತ್ರಿಯೊಳಗೆ ಮನುಷ್ಯ ಕಾಲಿಟ್ಟ ಕ್ಷಣವನ್ನು.

ಇಂಗ್ಲೆಂಡಿನ ಯಾರ್ಕ್‌ಷೈರಿನ ಕಿಯರ್ಟನ್ ಸಹೋದರರು ಹಿಡಿದ ದಾರಿ ಬೇರೆ. ಅವರ ಪಕ್ಷಿಗೂಡುಗಳ ಪುಸ್ತಕ 1895ರಲ್ಲಿ ಹೊರಬಂದಿತು. ಆದ್ಯಂತ ಛಾಯಾಚಿತ್ರಗಳಿಂದಲೇ ಅಲಂಕೃತವಾದ ಮೊದಮೊದಲ ನಿಸರ್ಗಗ್ರಂಥಗಳಲ್ಲಿ ಅದೊಂದು. ಹಕ್ಕಿಗಳಿಗೆ ಮನುಷ್ಯನೆಂದರೆ ಭಯ, ದನವೆಂದರೆ ಭಯವಿಲ್ಲ. ಇದನ್ನು ಗಮನಿಸಿದ ಅಣ್ಣತಮ್ಮಂದಿರು ಎತ್ತಿನ ಚರ್ಮವೊಂದನ್ನು ಟೊಳ್ಳಾಗಿ ಸಿದ್ಧಪಡಿಸಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾ ಸಮೇತ ಕುಳಿತರು. ಒಮ್ಮೆ ಒಳಗೆ ಮನುಷ್ಯ ಇರುವಾಗಲೇ ಎತ್ತು ಮಗುಚಿಕೊಂಡಿತು. ನಾಲ್ಕು ಕಾಲೂ ಮೇಲಾಗಿ ಬಿದ್ದ ಅದರ ಚಿತ್ರವೂ ಉಳಿದಿದೆ. ನಗು ಬರುತ್ತದೆ, ನಿಜ. ಆದರೂ ಈ ವಿದ್ಯೆಯ ಮೊದಲ ಸೌಜನ್ಯವನ್ನು ನಾನು ಆ ಎತ್ತಿನ ಹೊಟ್ಟೆಯಲ್ಲೇ ಗುರುತಿಸುತ್ತೇನೆ.

ಇನ್ನು ನಮ್ಮ ದೇಶಕ್ಕೆ ಬರೋಣ. ಎಫ್. ಡಬ್ಲ್ಯು. ಚಾಂಪಿಯನ್ ಸಂಯುಕ್ತ ಪ್ರಾಂತಗಳ ಅರಣ್ಯಾಧಿಕಾರಿ. ಹುಲಿಯನ್ನು ಕೊಂದು, ಅದರ ತಲೆಯ ಮೇಲೆ ಬೂಟುಗಾಲಿಟ್ಟು ಚಿತ್ರ ತೆಗೆಸಿಕೊಳ್ಳುವುದು ಪ್ರತಿಷ್ಠೆಯಾಗಿದ್ದ ಕಾಲದಲ್ಲಿ ಈತ ಶಿವಾಲಿಕ್ ಬೆಟ್ಟಗಳ ಕಾಡಿನಲ್ಲಿ ಹುಲಿಯ ಹಾದಿಗೆ ಅಡ್ಡಲಾಗಿ ಸಣ್ಣ ತಂತಿ ಎಳೆದು ಬರುತ್ತಿದ್ದ. ಹಾದಿಗೆ ದಾರ ಕಟ್ಟಿ ಕೋವಿ ಹೂಡಿಡುವುದು ಹಳೆಯ ಬೇಟೆಗಾರರ ಉಪಾಯ. ಚಾಂಪಿಯನ್ ಕೋವಿಯ ಜಾಗದಲ್ಲಿ ಕ್ಯಾಮೆರಾ ಇಟ್ಟ. ಹುಲಿಯ ಕಾಲು ತಗುಲಿದರೆ ಷಟರ್ ತೆರೆಯುತ್ತದೆ, ಅದೇ ಕ್ಷಣಕ್ಕೆ ಮೆಗ್ನೀಸಿಯಂ ಉರಿಯುತ್ತದೆ. ಹೇಳುವುದು ಸುಲಭ. ಪುಡಿ ಇಬ್ಬನಿಗೆ ನೆನೆಯಬಹುದು. ಹುಲಿ ಬರುವ ಮೊದಲು ಕಾಡುಹಂದಿಯೋ ಮುಳ್ಳುಹಂದಿಯೋ ತಂತಿ ತುಳಿಯಬಹುದು. ಆನೆ ಬಂದರೆ ಕ್ಯಾಮೆರಾದ ಗತಿಯನ್ನು ಕೇಳುವಂತಿಲ್ಲ. ಹಲವು ಕಾಲದ ಸೋಲಿನ ಮೇಲೆ ಕೈಗೂಡಿದ ಆ ಚಿತ್ರಗಳನ್ನು 1925ರ ಅಕ್ಟೋಬರಿನಲ್ಲಿ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪ್ರಕಟಿಸಿತು. ಎರಡು ವರ್ಷಗಳ ಅನಂತರ, 1927ರಲ್ಲಿ, ಹುಲಿಗಳ ನಾಡಿನಲ್ಲಿ ಕ್ಯಾಮೆರಾದೊಂದಿಗೆ ಅಲೆದ ಅನುಭವವನ್ನು ಆತ ಪುಸ್ತಕವಾಗಿ ಬರೆದ. ಜಿಮ್ ಕಾರ್ಬೆಟ್ ಕೋವಿಯಿಂದ ಕ್ಯಾಮೆರಾದ ಕಡೆಗೆ ಒಲಿಯಲು ಚಾಂಪಿಯನ್ನನ ಚಿತ್ರಗಳೂ ಒಂದು ಪ್ರೇರಣೆ.

ಚಿತ್ರಗಳಿಗಿಂತ ಹೆಚ್ಚಾಗಿ ನನ್ನನ್ನು ಸೆಳೆಯುವುದು ಆತ ಅವುಗಳನ್ನು ಓದಿದ ರೀತಿ. ಒಂದು ಹುಲಿಯ ಪಟ್ಟೆ ಇನ್ನೊಂದರಂತಿಲ್ಲ, ಆದ್ದರಿಂದ ಪಟ್ಟೆ ನೋಡಿ ಇದು ಇಂಥದೇ ಹುಲಿ ಎಂದು ಹೇಳಬಹುದು ಎಂಬುದನ್ನು ಚಾಂಪಿಯನ್ ಕಂಡುಕೊಂಡ. ಅಲ್ಲಿಯವರೆಗೆ ‘ಹುಲಿ’ ಎಂಬುದೊಂದು ಜಾತಿ. ಅಂದಿನಿಂದ ಅದೊಂದು ವ್ಯಕ್ತಿ. ಈ ಕಣ್ಣು ಆತನಿಗೆ ಎಲ್ಲಿಂದ ಬಂತೆಂಬುದನ್ನು ಊಹಿಸಬಹುದು. ಆತನ ತಂದೆ ಜಾರ್ಜ್ ಚಾರ್ಲ್ಸ್ ಚಾಂಪಿಯನ್ ಹೆಸರಾಂತ ಕೀಟಶಾಸ್ತ್ರಜ್ಞ, ಜೀರುಂಡೆಗಳ ತಜ್ಞ. ರೆಕ್ಕೆಯ ಮೇಲಿನ ಚುಕ್ಕೆಯ ವ್ಯತ್ಯಾಸ ಹಿಡಿಯುವ ಮನೆಯಲ್ಲಿ ಬೆಳೆದವನಿಗೆ ಹುಲಿಯ ಪಟ್ಟೆ ಓದುವುದು ಕಷ್ಟವಾಗಿರಲಾರದು.

ಜೀರುಂಡೆಯಿಂದ ಇನ್ನೂ ಕೆಳಗಿಳಿದರೆ ಬರಿಗಣ್ಣಿಗೆ ಕಾಣದ ಕಾಡೊಂದಿದೆ. ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1676ರಲ್ಲಿ, ಮೆಣಸು ನೆನೆಹಾಕಿದ ನೀರಿನಲ್ಲಿ ತಾನು ಕಂಡ ಅಣುಜೀವಿಗಳ ವಿಚಾರವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದಾಗ ಅಲ್ಲಿನವರಿಗೆ ನಂಬಿಕೆ ಬರಲಿಲ್ಲ. ಪಾಪ, ಆತ ಊರಿನ ಪಾದ್ರಿಗಳನ್ನೂ ಇತರ ಗಣ್ಯರನ್ನೂ ಕರೆದು ತೋರಿಸಿ, ‘ನಾವೂ ಕಂಡೆವು’ ಎಂದು ಅವರಿಂದ ಬರೆಸಿ ಕಳುಹಿಸಬೇಕಾಯಿತು. ಚಿತ್ರಗಳನ್ನು ಬರೆಯಿಸಿದ್ದೂ ಬೇರೆ ಕಲಾವಿದರ ಕೈಯಲ್ಲಿ. ಕಂಡದ್ದಕ್ಕೆ ಸಾಕ್ಷಿ ಯಾರು ಎಂಬ ಈ ಸಂಕಟ ಇನ್ನೂರು ವರ್ಷ ಮುಂದುವರಿಯಿತು. ಜರ್ಮನಿಯ ರಾಬರ್ಟ್ ಕೋಖ್ 1877ರಲ್ಲಿ ಬ್ಯಾಕ್ಟೀರಿಯಾಗಳ ಛಾಯಾಚಿತ್ರಗಳನ್ನು ಪ್ರಕಟಿಸಿದ್ದು ಇದಕ್ಕಾಗಿಯೇ. ಚಿತ್ರಕಾರನ ಕೈ ತಾನು ನಂಬಿದ್ದನ್ನು ಬರೆಯುತ್ತದೆ, ಫಲಕ ಬಿದ್ದ ಬೆಳಕನ್ನು ಬರೆಯುತ್ತದೆ ಎಂಬುದು ಆತನ ವಾದ. ಆದರೆ ಫಲಕಕ್ಕೂ ತನ್ನದೇ ಆದ ಕುರುಡಿತ್ತು. ಅಂದಿನ ಫಲಕಗಳು ನೀಲಿ ಬೆಳಕಿಗೆ ಮಾತ್ರ ಚುರುಕಾದುದರಿಂದ, ನೀಲಿ ಬಣ್ಣ ಹಚ್ಚಿದ ಬ್ಯಾಕ್ಟೀರಿಯಾ ಅವುಗಳ ಮೇಲೆ ಸ್ಪಷ್ಟವಾಗಿ ಮೂಡುತ್ತಿರಲಿಲ್ಲ. ಕೋಖ್ ಕಂದು ಬಣ್ಣದ ಮೊರೆಹೋಗಬೇಕಾಯಿತು. ಅದಕ್ಕೂ ಮೊದಲು ಅವುಗಳನ್ನು ಗಾಜಿನ ಮೇಲೆ ತೆಳ್ಳಗೆ ಹರಡಿ ಒಣಗಿಸಬೇಕು. ಅಂದರೆ ಸಾಕ್ಷಿ ದೊರೆಯಿತು. ಸಾಕ್ಷಿ ನುಡಿದದ್ದು ಹೆಣ.

ಕಾಲೇಜಿನ ದಿನಗಳಲ್ಲಿ ನಾನು ಹುಲ್ಲು ಕೊಳೆಸಿದ ನೀರಿನಲ್ಲಿ ಮೊದಲ ಬಾರಿ ಪ್ಯಾರಮೀಸಿಯಂ ಕಂಡದ್ದು ನೆನಪಿದೆ. ಕಂಡೆ ಎನ್ನುವುದಕ್ಕಿಂತ ಅದು ಓಡಿಹೋದದ್ದನ್ನು ಕಂಡೆ ಎನ್ನುವುದು ಸರಿ. ಹನಿಯೊಳಗೆ ಹತ್ತಿಯ ನಾಲ್ಕು ಎಳೆ ಹಾಕಿದರೆ ಅವು ಸಿಕ್ಕಿಕೊಂಡು ನಿಲ್ಲುತ್ತವೆಂದು ಮೇಷ್ಟರು ಹೇಳಿಕೊಟ್ಟರು. ನಿಂತವು, ಅಷ್ಟರಲ್ಲಿ ದೀಪದ ಕಾವಿಗೆ ಹನಿಯೇ ಆರತೊಡಗಿತು. ಷಿರಾಸನ ಜಿಂಕೆಗೆ ನೆಗೆಯಲು ಕತ್ತಲೆಯಾದರೂ ಇತ್ತು, ಇವಕ್ಕೆ ಅದೂ ಇಲ್ಲ.

ಬದುಕಿರುವುದನ್ನು ಬದುಕಿರುವಂತೆಯೇ ಹಿಡಿದವರಲ್ಲಿ ಪ್ಯಾರಿಸ್ಸಿನ ವೈದ್ಯ ಜಾನ್ ಕೊಮಾಂಡನ್ನನ ಹೆಸರು ದೊಡ್ಡದು. ಮೇಹರೋಗದ ಸುರುಳಿಯಾಕಾರದ ಜೀವಾಣು ತಿರುಚುತ್ತ ಈಜುವುದನ್ನು ಆತ 1909ರಲ್ಲಿ ಚಲನಚಿತ್ರವಾಗಿ ತೋರಿಸಿದ. ಕಪ್ಪು ಹಿನ್ನೆಲೆಯ ಮೇಲೆ ಬೆಳ್ಳಿಯ ಎಳೆಯಂತೆ ಹೊಳೆಯುವ ಜೀವಾಣು! ಸತ್ತ ಜೀವಾಣುವಿಗೆ ಆಕಾರ ಮಾತ್ರ ಇರುತ್ತದೆ, ಬದುಕಿರುವುದಕ್ಕೆ ನಡೆ ಇರುತ್ತದೆ. ಆ ನಡೆಯಿಂದಲೇ ಅದನ್ನು ಇತರ ಸುರುಳಿಜೀವಿಗಳಿಂದ ಬೇರ್ಪಡಿಸಬಹುದೆಂಬುದು ವೈದ್ಯರಿಗೆ ಬೇಕಾಗಿದ್ದ ವಿಷಯ. ಹಾಲೆಂಡಿನ ಝೆರ್ನಿಕೆ 1930ರ ದಶಕದಲ್ಲಿ ಬಣ್ಣ ಹಚ್ಚುವ ಅಗತ್ಯವನ್ನೇ ತಪ್ಪಿಸಿದ. ಜೀವಕೋಶ ಗಾಜಿನಂತೆ ಪಾರದರ್ಶಕ. ಅದನ್ನು ಹಾದುಬಂದ ಬೆಳಕಿನ ಅಲೆ ಒಂದಿಷ್ಟು ಹಿಂದೆ ಬೀಳುತ್ತದೆ, ಅಷ್ಟೆ. ಕಣ್ಣಿಗೆ ತಿಳಿಯದ ಆ ಹಿಂದುಮುಂದನ್ನು ಆತ ನೆರಳುಬೆಳಕಾಗಿ ಮಾರ್ಪಡಿಸಿದ. 1953ರಲ್ಲಿ ಅದಕ್ಕೆ ನೊಬೆಲ್ ಪಾರಿತೋಷಕ ಬಂದಿತು. 1931ರಲ್ಲಿ ರುಸ್ಕ ಮತ್ತು ನೋಲ್ ಕಟ್ಟಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಮುಂದೆ ವೈರಸ್ಸನ್ನೂ ತೋರಿಸಿತಾದರೂ ಅದರೊಳಗೆ ಗಾಳಿಯಿಲ್ಲ. ಅಲ್ಲಿ ಹೊಕ್ಕದ್ದು ಬದುಕಿರುವುದಿಲ್ಲ. ಇದಕ್ಕೆ ಪ್ರತಿಯಾಗಿ ಮಿಂಚುವ ಅಂಬಲಿಮೀನಿನ ಕಥೆಯಿದೆ. ಅದರಿಂದ ಷಿಮೊಮುರ 1962ರಲ್ಲಿ ಬೇರ್ಪಡಿಸಿದ ಪ್ರೋಟೀನೊಂದು, ನೀಲಿ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುತ್ತದೆ. 1994ರಲ್ಲಿ ಚಾಲ್ಫಿ ಅದನ್ನು ಸಣ್ಣ ಹುಳುವೊಂದರ ನರಕೋಶಗಳಲ್ಲಿ ಹೊಳೆಯಿಸಿದ. ಈಗ ದೀಪವನ್ನು ಜೀವಿಯೇ ತನ್ನ ಮೈಯೊಳಗೆ ಹೊತ್ತಿದೆ.

ಮತ್ತೆ ಹುಲಿಗೆ ಬರುತ್ತೇನೆ, ಏಕೆಂದರೆ ಚಾಂಪಿಯನ್ನನ ತಂತಿ ಕೊನೆಗೆ ಬಂದು ಸೇರಿದ್ದು ನಮ್ಮ ನಾಗರಹೊಳೆಗೆ. ಛಾಯಾಚಿತ್ರಕಾರರಿಗೆ ಕನ್ನಡ ನಾಡಿನಲ್ಲಿ ಕೊರತೆಯಿರಲಿಲ್ಲ. ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಇ. ಹನುಮಂತರಾವ್ ಮತ್ತು ಟಿ. ಎನ್. ಎ. ಪೆರುಮಾಳ್, ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳಿಗಾಗಿ ಕಾದು ಕುಳಿತ ಪೂರ್ಣಚಂದ್ರ ತೇಜಸ್ವಿ, ಇವರೆಲ್ಲ ತಾಳ್ಮೆಯನ್ನೇ ಬಂಡವಾಳ ಮಾಡಿಕೊಂಡವರು. ಆದರೆ ಚಿತ್ರವನ್ನು ಲೆಕ್ಕದ ಸಾಧನವಾಗಿ ಬಳಸಿದವರು ಉಲ್ಲಾಸ ಕಾರಂತರು, ಶಿವರಾಮ ಕಾರಂತರ ಮಗ. ಅಲ್ಲಿಯವರೆಗೆ ಹುಲಿಗಣತಿಯೆಂದರೆ ಹೆಜ್ಜೆಗುರುತಿನ ಗಣತಿ. ಮಣ್ಣಿನಲ್ಲಿ ಮೂಡಿದ ಗುರುತಿನ ಮೇಲೆ ಗಾಜಿಟ್ಟು, ಅದರ ಅಂಚನ್ನು ಬರೆದುಕೊಂಡು, ಇದು ಒಂದು ಹುಲಿ, ಇದು ಇನ್ನೊಂದು ಎಂದು ತೀರ್ಮಾನಿಸುವುದು. ಮತ್ತೆ ಅದೇ ಚಿತ್ರಕಾರನ ಕೈ! ಕಾರಂತರು ನಾಗರಹೊಳೆಯ ಹಾದಿಗಳಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನಿಟ್ಟರು. ಎಷ್ಟು ಹುಲಿ ಸಿಕ್ಕವು, ಅವುಗಳಲ್ಲಿ ಎಷ್ಟು ಮತ್ತೆ ಸಿಕ್ಕವು ಎಂಬುದರಿಂದ ಸಿಗದವುಗಳ ಸಂಖ್ಯೆಯನ್ನೂ ಅಂದಾಜು ಮಾಡುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಈ ಮಾತು ಬೇಗ ಯಾರ ಕಿವಿಗೂ ಬೀಳಲಿಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳಿವೆಯೆಂದು ಕಾಗದಪತ್ರಗಳು ಹೇಳುತ್ತಿದ್ದಾಗಲೇ ಕಳ್ಳಬೇಟೆಗಾರರು ಅವುಗಳನ್ನು ಮುಗಿಸಿದ್ದರು. 2005ರ ಹೊತ್ತಿಗೆ ಅಲ್ಲಿ ಒಂದೂ ಉಳಿದಿರಲಿಲ್ಲವೆಂಬುದು ಬಯಲಾಯಿತು. ಆಮೇಲೆ ದೇಶ ಹೆಜ್ಜೆಗುರುತನ್ನು ಬಿಟ್ಟು ಚಿತ್ರಗಳ ಕಡೆಗೆ ತಿರುಗಿತು. 2008ರಲ್ಲಿ ಹೊರಬಂದ ಅಂದಾಜು 1411 ಹುಲಿಗಳು. ಅದು ಕಹಿಯಾದ ಸಂಖ್ಯೆ. ಹಳೆಯ ಸಿಹಿಸಂಖ್ಯೆಗಳಿಗಿಂತ ಕಾಡಿಗೆ ಹೆಚ್ಚು ಉಪಕಾರ ಮಾಡಿದ್ದು ಅದೇ ಎಂದು ನನ್ನ ಎಣಿಕೆ. 2022ರ ಗಣತಿಯಲ್ಲಿ ಕರ್ನಾಟಕದ ಪಾಲಿಗೆ 563 ಬಂದವು.

2018ರ ಗಣತಿಯಲ್ಲಿ ದೇಶದ 26,838 ಸ್ಥಳಗಳಲ್ಲಿ ಕ್ಯಾಮೆರಾ ಕಟ್ಟಿದ್ದರು. ಅವು ತೆಗೆದ ಚಿತ್ರಗಳು ಮೂರು ಕೋಟಿ ನಲವತ್ತೆಂಟು ಲಕ್ಷಕ್ಕೂ ಹೆಚ್ಚು. ಹುಲಿ ಸಿಕ್ಕಿದ್ದು 76,651ರಲ್ಲಿ. ಇಷ್ಟು ಚಿತ್ರಗಳಲ್ಲಿ ಒಂದಕ್ಕೂ ಮನುಷ್ಯನ ಬೆರಳು ಗುಂಡಿ ಒತ್ತಿಲ್ಲ. ಆದರೆ ಪ್ರತಿ ಪೆಟ್ಟಿಗೆಯನ್ನೂ ಯಾರೋ ಕಾಡಿನೊಳಗೆ ಹೊತ್ತು ನಡೆದು ಮರಕ್ಕೆ ಕಟ್ಟಿದ್ದಾರೆ. ಒಂದನ್ನಲ್ಲ, ಹಾದಿಯ ಎರಡೂ ಬದಿಗೆ ಎದುರುಬದುರಾಗಿ ಎರಡು ಕಟ್ಟಬೇಕು, ಏಕೆಂದರೆ ಒಂದೇ ಹುಲಿಯ ಎಡಮೈಯ ಪಟ್ಟೆಯೂ ಬಲಮೈಯ ಪಟ್ಟೆಯೂ ಒಂದರಂತೆ ಇನ್ನೊಂದಿರುವುದಿಲ್ಲ.