ಎಚ್‌ಆರ್‌ಐ ಕೈನೇಸ್

ಎಚ್‌ಆರ್‌ಐ ಕೈನೇಸ್: ಜೀವಕೋಶ ಸಂಕಟಕ್ಕೆ ಸಿಲುಕಿದಾಗ ಪ್ರೋಟೀನ್ ತಯಾರಿಕೆಗೆ ತಡೆ ಹಾಕುವ ಕಿಣ್ವ. ಹೀಮ್ ಎಂಬ ಕಬ್ಬಿಣಯುಕ್ತ ಅಣುವಿನ ಹಿಡಿತದಲ್ಲಿರುವುದರಿಂದ ಇದಕ್ಕೆ ಹೀಮ್ ನಿಯಂತ್ರಿತ ಕೈನೇಸ್ ಎಂದೂ ಹೆಸರಿದೆ. ಮನುಷ್ಯರಲ್ಲಿ ಇದರ ಜೀನ್ 7ನೇ ವರ್ಣತಂತುವಿನ ಗಿಡ್ಡ ತೋಳಿನಲ್ಲಿದೆ. ಜೀನಿನ ಅಧಿಕೃತ ಹೆಸರು ಇಐಎಫ್2ಎಕೆ1. ಕಿಣ್ವದಲ್ಲಿ 630 ಅಮೈನೋ ಆಮ್ಲಗಳಿವೆ, ಲೆಕ್ಕದ ಪ್ರಕಾರ ತೂಕ ಸುಮಾರು 71 ಕಿಲೋಡಾಲ್ಟನ್. ಕೆಂಪು ರಕ್ತಕಣಗಳಾಗಿ ಬೆಳೆಯುವ ಎಳೆಯ ಕೋಶಗಳಲ್ಲಿ ಇದು ಹೇರಳ, ಉಳಿದ ಅಂಗಾಂಶಗಳಲ್ಲಿ ಕಡಿಮೆ. ಇಂದು ಪ್ರಯೋಗಾಲಯಗಳಲ್ಲಿ ಬಳಕೆಯಾಗುವುದು ಇದರ ಪುನಸ್ಸಂಯೋಜಿತ ರೂಪ. ಮಾನವ ಜೀನನ್ನು ಬ್ಯಾಕ್ಟೀರಿಯಾಕ್ಕೋ ಕೀಟದ ಕೋಶಕ್ಕೋ ಸೇರಿಸಿ, ಅಲ್ಲಿ ತಯಾರಾದ ಕಿಣ್ವವನ್ನು ಶುದ್ಧೀಕರಿಸಿ ಪಡೆಯುತ್ತಾರೆ.

ಎಟಿಪಿಯಿಂದ ಒಂದು ಫಾಸ್ಫೇಟ್ ಗುಂಪನ್ನು ಕಿತ್ತು ಇನ್ನೊಂದು ಪ್ರೋಟೀನಿಗೆ ಅಂಟಿಸುವುದು ಪ್ರೋಟೀನ್ ಕೈನೇಸ್‌ಗಳ ಕೆಲಸ. ಮಾನವ ಜೀನೋಮಿನಲ್ಲಿ ಇಂಥವು ಐನೂರರ ಮೇಲಿವೆ. ಈ ದೊಡ್ಡ ಬಳಗದಲ್ಲಿ ನಾಲ್ಕು ಮಾತ್ರ ಪ್ರೋಟೀನ್ ತಯಾರಿಕೆಗೆ ಚಾಲನೆ ಕೊಡುವ ಇಐಎಫ್2ರ ಭಾಗವಾದ ಇಐಎಫ್2-ಆಲ್ಫಾ ಎಂಬ ಪ್ರೋಟೀನಿನ ಸೆರೀನ್-51ರ ಮೇಲೆ ಫಾಸ್ಫೇಟ್ ಇಡುತ್ತವೆ. ವೈರಸ್ಸಿನ ಜೋಡಿ ಎಳೆಯ ಆರ್‌ಎನ್‌ಎ ಕಂಡರೆ ಪಿಕೆಆರ್, ಸರಿಯಾಗಿ ಮಡಚಿಕೊಳ್ಳದ ಪ್ರೋಟೀನುಗಳು ಜಮೆಯಾದರೆ ಪರ್ಕ್, ಅಮೈನೋ ಆಮ್ಲಗಳ ಬರ ಬಂದರೆ ಜಿಸಿಎನ್2, ಹೀಮ್ ಕೊರತೆಯಾದರೆ ಎಚ್‌ಆರ್‌ಐ ಎಚ್ಚರಗೊಳ್ಳುತ್ತದೆ. ಫಾಸ್ಫೇಟ್ ಹತ್ತಿದ ಇಐಎಫ್2 ತನ್ನನ್ನು ಮತ್ತೆ ಕೆಲಸಕ್ಕೆ ಅಣಿಗೊಳಿಸಬೇಕಾದ ಇಐಎಫ್2ಬಿ ಎಂಬ ಪ್ರೋಟೀನನ್ನೇ ಹಿಡಿದಿಟ್ಟುಬಿಡುತ್ತದೆ. ಅಲ್ಲಿಗೆ ಹೊಸ ಪ್ರೋಟೀನುಗಳ ತಯಾರಿಕೆ ತಗ್ಗುತ್ತದೆ. ಅದೇ ಹೊತ್ತಿಗೆ ಎಟಿಎಫ್4ರಂಥ ಕೆಲವು ಪ್ರೋಟೀನುಗಳು ಹೆಚ್ಚಾಗಿ ತಯಾರಾಗಿ, ಕೋಶ ಚೇತರಿಸಿಕೊಳ್ಳಲು ಬೇಕಾದ ಜೀನುಗಳನ್ನು ಚಾಲೂ ಮಾಡುತ್ತವೆ. ದಾರಿ ನಾಲ್ಕಾದರೂ ಸೇರುವ ಸ್ಥಾನ ಒಂದೇ. ಹಾಗಾಗಿ ಕೋಶದೊಳಗೆ ಸೆರೀನ್-51ರಲ್ಲಿ ಫಾಸ್ಫೇಟ್ ಕಂಡ ಮಾತ್ರಕ್ಕೆ ಅದು ಯಾರ ಕೆಲಸ ಎಂದು ಹೇಳಲಾಗದು. ಒಂದೊಂದು ಕಿಣ್ವವನ್ನೂ ಬೇರ್ಪಡಿಸಿ ಶುದ್ಧ ರೂಪದಲ್ಲಿ ಪರೀಕ್ಷಿಸುವ ಅಗತ್ಯ ಹುಟ್ಟಿದ್ದೇ ಇಲ್ಲಿಂದ.

ಹಿಮೋಗ್ಲೋಬಿನ್ ಎಂದರೆ ಗ್ಲೋಬಿನ್ ಪ್ರೋಟೀನು ಮತ್ತು ಹೀಮ್ ಸೇರಿದ್ದು. ಕಬ್ಬಿಣವಿಲ್ಲದೆ ಹೀಮ್ ಇಲ್ಲ. ಹೀಮ್ ಇಲ್ಲದಾಗಲೂ ಗ್ಲೋಬಿನ್ ತಯಾರಾಗುತ್ತಲೇ ಹೋದರೆ ಅದು ಗಡ್ಡೆಗಟ್ಟಿ ಕೋಶವನ್ನೇ ಹಾಳುಮಾಡುತ್ತದೆ. ಸಾಕಷ್ಟು ಹೀಮ್ ಇದ್ದಾಗ ಅದು ಎಚ್‌ಆರ್‌ಐಗೆ ಅಂಟಿಕೊಂಡು ಸುಮ್ಮನಿರಿಸುತ್ತದೆ; ಹೀಮ್ ಇಳಿದರೆ ಕಿಣ್ವ ತನ್ನ ಮೇಲೆ ತಾನೇ ಫಾಸ್ಫೇಟ್ ಇಟ್ಟುಕೊಂಡು ಚುರುಕಾಗಿ ಗ್ಲೋಬಿನ್ ತಯಾರಿಕೆಗೆ ಕಡಿವಾಣ ಹಾಕುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇರುವವರ ರಕ್ತಲೇಪನವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಣಗಳು ಚಿಕ್ಕದಾಗಿ, ನಡುವೆ ಬಿಳಿಚಿಕೊಂಡು ಕಾಣುತ್ತವೆ. ಕಚ್ಚಾವಸ್ತು ಸಾಲದೆ ಹೀಗಾಗುತ್ತದೆಂದು ಬಹುಕಾಲ ಭಾವಿಸಲಾಗಿತ್ತು. 2001ರಲ್ಲಿ ಎಚ್‌ಆರ್‌ಐ ಇಲ್ಲದ ಇಲಿಗಳಿಗೆ ಕಬ್ಬಿಣವಿಲ್ಲದ ಆಹಾರ ಕೊಟ್ಟಾಗ ಕಣಗಳು ಚಿಕ್ಕದಾಗಲಿಲ್ಲ, ಬಿಳಿಚಿಕೊಳ್ಳಲೂ ಇಲ್ಲ. ಬದಲಿಗೆ ಗ್ಲೋಬಿನ್ ಗಡ್ಡೆಗಳು ತುಂಬಿಕೊಂಡು ರಕ್ತಹೀನತೆ ಉಲ್ಬಣಿಸಿತು. ಅಂದರೆ ಆ ಬಿಳಿಚಿದ ಚಿಕ್ಕ ಕಣ ಎಚ್‌ಆರ್‌ಐ ಮಾಡಿಕೊಂಡ ರಾಜಿ.

ಎಚ್‌ಆರ್‌ಐ ಇರುವ ಸುಳಿವು ಸಿಕ್ಕಿದ್ದು ಮೊಲದ ಎಳೆಯ ರಕ್ತಕಣಗಳ ದ್ರಾವಣದಲ್ಲಿ. ಹೀಮಿನ ಒಂದು ರೂಪವಾದ ಹೀಮಿನ್ ಬೆರೆಸದಿದ್ದರೆ ಆ ದ್ರಾವಣ ಕೆಲವೇ ನಿಮಿಷ ಪ್ರೋಟೀನು ತಯಾರಿಸಿ ನಿಂತುಬಿಡುತ್ತದೆ ಎಂಬುದು 1960ರ ದಶಕದಲ್ಲೇ ಗೊತ್ತಾಗಿತ್ತು. ಮುಂದೆ ನೊಬೆಲ್ ಪಡೆದ ಟಿಮ್ ಹಂಟ್ ಕೂಡ ತಮ್ಮ ಆರಂಭದ ವರ್ಷಗಳಲ್ಲಿ ಇದೇ ಸಮಸ್ಯೆಯ ಹಿಂದೆ ಬಿದ್ದವರು. ಮೊಲದ ಎಚ್‌ಆರ್‌ಐ ಜೀನಿನ ಪೂರ್ಣ ಅನುಕ್ರಮವನ್ನು ಅಮೆರಿಕದ ಎಂಐಟಿಯಲ್ಲಿ ಜೇನ್-ಜೇನ್ ಚೆನ್ ಮತ್ತು ಇರ್ವಿಂಗ್ ಲಂಡನ್ ಅವರ ತಂಡ 1991ರಲ್ಲಿ ಪ್ರಕಟಿಸಿತು.

ಕರ್ನಾಟಕ ಈ ಕಥೆಯೊಳಗೆ ಬರುವುದು ಮಲೇರಿಯಾದ ಮೂಲಕ. ಇಂದಿನ ಜೊಯಿಡಾ ತಾಲೂಕು ಬ್ರಿಟಿಷರ ಕಾಲದಲ್ಲಿ ಸೂಪಾ ಹೆಸರಿನಲ್ಲಿ ಮುಂಬಯಿ ಪ್ರಾಂತ್ಯದ ಕೆನರಾ (ಇಂದಿನ ಉತ್ತರ ಕನ್ನಡ) ಜಿಲ್ಲೆಗೆ ಸೇರಿತ್ತು. ಸೂಪಾ ಊರು ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಜೊಯಿಡಾ ತಾಲೂಕು ಕೇಂದ್ರವಾಯಿತು. ಕಾಳಿ ಕಣಿವೆಯ ಕಾಡೂರುಗಳನ್ನು ಕಾಡಿದ್ದು ಚಳಿಜ್ವರ. ಮಲೇರಿಯಾ ತಜ್ಞ ಡಿ.ಕೆ. ವಿಶ್ವನಾಥನ್ 1946ರಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳನ್ನೇ ಆರಿಸಿಕೊಂಡು ಮನೆಗೋಡೆಗಳಿಗೆ ಡಿಡಿಟಿ ಸಿಂಪಡಿಸುವ ಯೋಜನೆ ಆರಂಭಿಸಿದರು. ಇಡೀ ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಮಾದರಿಯಾದ ಪ್ರಯೋಗಗಳಲ್ಲಿ ಇದೂ ಒಂದು. ಸೊಳ್ಳೆಗೆ ಡಿಡಿಟಿಯಾದರೆ ರೋಗಿಗೆ ಕ್ಲೋರೋಕ್ವಿನ್. ದಶಕಗಳ ಕಾಲ ಮಲೇರಿಯಾ ವಿರುದ್ಧದ ಹೋರಾಟ ಇವೆರಡರ ಮೇಲೇ ನಡೆಯಿತು.

ಕ್ಲೋರೋಕ್ವಿನ್ ಮಲೇರಿಯಾ ಪರಾವಲಂಬಿಯನ್ನು ಹೇಗೆ ಕೊಲ್ಲುತ್ತದೆ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಮಿತಾ ಸುರೋಲಿಯಾ ಮತ್ತು ಜಿ. ಪದ್ಮನಾಭನ್ ಕೈಗೆತ್ತಿಕೊಂಡರು. ಪದ್ಮನಾಭನ್ ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು. ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಎಂಬ ಪರಾವಲಂಬಿಯಿಂದ ತೆಗೆದ ದ್ರಾವಣಕ್ಕೆ ಹೀಮ್ ಸೇರಿಸಿದರೆ ಪ್ರೋಟೀನ್ ತಯಾರಿಕೆ ಜೋರಾಗುತ್ತದೆ, ಕ್ಲೋರೋಕ್ವಿನ್ ಅದನ್ನು ತಗ್ಗಿಸುತ್ತದೆ, ಔಷಧ ತಾಕಿದ ಪರಾವಲಂಬಿಯಲ್ಲಿ ಇಐಎಫ್2-ಆಲ್ಫಾದ ಮೇಲೆ ಫಾಸ್ಫೇಟ್ ಹೆಚ್ಚುತ್ತದೆ, ಹೀಮಿನ್ ಕೊಟ್ಟರೆ ಇಳಿಯುತ್ತದೆ ಎಂದು ಅವರು 1991ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ ವರದಿ ಮಾಡಿದರು. ಪರಾವಲಂಬಿಯನ್ನು ಬೆಳೆಸುವುದು ಮನುಷ್ಯರ ಕೆಂಪು ರಕ್ತಕಣಗಳಲ್ಲಿ. ಕಂಡದ್ದು ಪರಾವಲಂಬಿಯ ಕೈನೇಸೋ, ರಕ್ತಕಣದಿಂದ ಬೆರೆತು ಬಂದದ್ದೋ? ಬೆರಕೆಯಲ್ಲ ಎಂದು ಅವರು ತೋರಿಸಿಕೊಟ್ಟರು. ಹೀಮ್ ಮತ್ತು ಕ್ಲೋರೋಕ್ವಿನ್‌ಗಳ ಜಗ್ಗಾಟವನ್ನು ಶುದ್ಧ ಕಿಣ್ವದ ಮೇಲೂ ಪರೀಕ್ಷಿಸಿದರು. ಅದಕ್ಕೆ ಬಳಸಿದ್ದು ಮೊಲದ ರಕ್ತಕಣಗಳಿಂದ ಬೇರ್ಪಡಿಸಿದ ಕೈನೇಸ್. ಜೀನಿನ ಅನುಕ್ರಮವೇ ಆ ವರ್ಷ ಹೊರಬಿದ್ದಿತ್ತು, ಪುನಸ್ಸಂಯೋಜಿತ ಕಿಣ್ವ ಬಯಸಿದಾಗ ಕೈಗೆ ಸಿಗುವ ಕಾಲ ಇನ್ನೂ ಬಂದಿರಲಿಲ್ಲ. ಹೀಮ್ ವಿಷವಾಗದಂತೆ ಪರಾವಲಂಬಿ ಅದನ್ನು ಹರಳಾಗಿಸಿಕೊಳ್ಳುತ್ತದೆ. ಕ್ಲೋರೋಕ್ವಿನ್ ಮುಖ್ಯವಾಗಿ ಕೆಡಿಸುವುದು ಆ ವ್ಯವಸ್ಥೆಯನ್ನು ಎಂಬುದೇ ಇಂದು ಹೆಚ್ಚಿನವರ ಅಭಿಪ್ರಾಯ. ಆದರೂ ಪರಾವಲಂಬಿಯ ಒತ್ತಡ ಕೈನೇಸ್‌ಗಳತ್ತ ಕಣ್ಣು ಹಾಯಿಸಿದ ಮೊದಮೊದಲ ಕೆಲಸಗಳಲ್ಲಿ ಇದಕ್ಕೆ ಸ್ಥಾನವಿದೆ. ಆರ್ಟಿಮಿಸಿನಿನ್ ಕೊಟ್ಟಾಗ ಪರಾವಲಂಬಿ ಸಾಯದೆ ನಿದ್ದೆಗೆ ಜಾರುವುದರ ಹಿಂದೆ ಅದರ ಪಿಕೆ4 ಎಂಬ ಇಐಎಫ್2-ಆಲ್ಫಾ ಕೈನೇಸ್ ಇದೆ ಎಂದು 2017ರಲ್ಲಿ ಬೇರೊಂದು ತಂಡ ತೋರಿಸಿದ ಮೇಲೆ ಈ ದಿಕ್ಕಿಗೆ ಹೊಸ ಬಲ ಬಂತು.

ಪುನಸ್ಸಂಯೋಜಿತ ಎಚ್‌ಆರ್‌ಐ ತಯಾರಿಸುವುದರಲ್ಲೊಂದು ತಮಾಷೆಯ ತೊಡಕಿದೆ. ಪ್ರೋಟೀನ್ ತಯಾರಿಕೆಯನ್ನು ತಡೆಯುವುದೇ ಇದರ ಕಸುಬು. ಇದನ್ನು ತಯಾರಿಸೆಂದು ಕೀಟದ ಕೋಶಕ್ಕೆ ಹೇಳಿದರೆ, ಹುಟ್ಟಿದ ಕಿಣ್ವ ಆ ಕೋಶದ ಇಐಎಫ್2-ಆಲ್ಫಾದ ಮೇಲೇ ಫಾಸ್ಫೇಟ್ ಇಟ್ಟು ತನ್ನ ಇಳುವರಿಗೆ ತಾನೇ ಕಲ್ಲು ಹಾಕಿಕೊಳ್ಳುತ್ತದೆ. ಚೆನ್ ಅವರ ತಂಡ 1994ರಲ್ಲಿ ಇದನ್ನು ದಾಖಲಿಸಿತು. ಹೈದರಾಬಾದ್ ವಿಶ್ವವಿದ್ಯಾಲಯದ ಕೆ.ವಿ.ಎ. ರಾಮಯ್ಯ ಅವರೂ ಆ ಕೆಲಸದಲ್ಲಿದ್ದರು. 199ನೇ ಲೈಸೀನನ್ನು ಆರ್ಜಿನೀನಿಗೆ ಬದಲಿಸಿ ನಿಷ್ಕ್ರಿಯಗೊಳಿಸಿದ ಕಿಣ್ವ ಮಾತ್ರ ಧಾರಾಳವಾಗಿ ಸಿಕ್ಕಿತು. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಇಐಎಫ್2 ಇಲ್ಲವಾದ್ದರಿಂದ ಈ ತಾಪತ್ರಯವಿಲ್ಲ.

ಶುದ್ಧ ಕಿಣ್ವ ಗ್ಲಿಸರಾಲ್ ಬೆರೆತ ದ್ರಾವಣದಲ್ಲಿ, ಒಮ್ಮೆಗೆ ಬೇಕಾಗುವಷ್ಟೇ ಅಳತೆಯ ಪುಟ್ಟ ಕೊಳವೆಗಳಲ್ಲಿ, ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಚಟುವಟಿಕೆ ಕುಂದುತ್ತದೆ. ಪರೀಕ್ಷೆಗೆ ಮಂಜುಗಡ್ಡೆಯ ಮೇಲೆ ಕಿಣ್ವ, ಇಐಎಫ್2-ಆಲ್ಫಾ, ಮೆಗ್ನೀಸಿಯಂ ಬೆರೆಸಿ, ಎಟಿಪಿ ಹಾಕಿ 30 ಡಿಗ್ರಿಯಲ್ಲಿಡುತ್ತಾರೆ. ಫಾಸ್ಫೇಟ್ ಹತ್ತಿದ ಪ್ರೋಟೀನನ್ನು ವಿಕಿರಣಶೀಲ ರಂಜಕದಿಂದಲೋ ಸೆರೀನ್-51ರ ಫಾಸ್ಫೇಟನ್ನೇ ಗುರುತಿಸುವ ಪ್ರತಿಕಾಯದಿಂದಲೋ ಪತ್ತೆಮಾಡುತ್ತಾರೆ. ಜೆಲ್‌ನಲ್ಲಿ ಕಿಣ್ವದ ಪಟ್ಟಿ 71ರಲ್ಲಿ ಕಾಣದೆ 90 ಕಿಲೋಡಾಲ್ಟನ್‌ನ ಆಸುಪಾಸಿನಲ್ಲಿ ನಿಂತಿದ್ದರೆ ಹೊಸಬರು ಗಾಬರಿಯಾಗುತ್ತಾರೆ. ಮೈಮೇಲೆ ಫಾಸ್ಫೇಟ್ ಹೊತ್ತ ಎಚ್‌ಆರ್‌ಐ ನಿಧಾನವಾಗಿ ಸಾಗುವುದೇ ಹಾಗೆ. ಹೀಮಿನ್ ಬರೀ ನೀರಿನಲ್ಲಿ ಕರಗದು, ತೆಳು ಕ್ಷಾರದಲ್ಲಿ ಕರಗಿಸಬೇಕು. ಹೀಮಿನ್ ಹಾಕಿದ ಕೊಳವೆಯಲ್ಲಿ ಚಟುವಟಿಕೆ ಇಳಿಯದಿದ್ದರೆ ಆ ದಿನದ ಉಳಿದ ಅಂಕಿಗಳನ್ನು ನಂಬದಿರುವುದೇ ಕ್ಷೇಮ.

ಆರ್ಸೆನೈಟ್, ಶಾಖ ಮುಂತಾದ ಆಘಾತಗಳಿಗೂ ಎಚ್‌ಆರ್‌ಐ ಸ್ಪಂದಿಸುತ್ತದೆ. ಮೈಟೊಕಾಂಡ್ರಿಯಾ ತೊಂದರೆಗೆ ಸಿಲುಕಿದಾಗ ಓಎಂಎ1 ಎಂಬ ಕಿಣ್ವ ಡೆಲೆ1 ಪ್ರೋಟೀನನ್ನು ಕತ್ತರಿಸುತ್ತದೆ, ಆ ತುಂಡು ಹೊರಬಂದು ಎಚ್‌ಆರ್‌ಐಯನ್ನು ಎಬ್ಬಿಸುತ್ತದೆ ಎಂದು 2020ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ತೋರಿಸಿದವು. ಹೀಗಾಗಿ ಕೋಶದಲ್ಲಿ ಎಚ್‌ಆರ್‌ಐಯನ್ನು ಚುರುಕುಗೊಳಿಸಿದ ರಾಸಾಯನಿಕವೆಲ್ಲ ಅದಕ್ಕೇ ನೇರವಾಗಿ ತಾಗಿದೆ ಎನ್ನುವಂತಿಲ್ಲ. ಮೈಟೊಕಾಂಡ್ರಿಯಾವನ್ನು ಕೆಣಕಿದರೂ ಸಾಕು.

ಎಚ್‌ಆರ್‌ಐಯತ್ತ ಔಷಧ ಕಂಪನಿಗಳ ಗಮನ ಸೆಳೆದದ್ದು, ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ರೋಗ. ಮಲೇರಿಯಾ ಇದ್ದ ನಾಡುಗಳಲ್ಲೇ ಈ ರೋಗದ ಜೀನು ಉಳಿದು ಬಂದದ್ದು, ಏಕೆಂದರೆ ಅದರ ಒಂದು ಪ್ರತಿ ಇದ್ದವರಿಗೆ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಸಿಗುತ್ತದೆ. ಭಾರತದಲ್ಲಿ ಈ ಜೀನನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಎಚ್‌ಆರ್‌ಐಯನ್ನು ತಡೆದರೆ ವಯಸ್ಕರ ಕಣಗಳಲ್ಲೂ ಭ್ರೂಣ ಹಿಮೋಗ್ಲೋಬಿನ್ ಮತ್ತೆ ಹೆಚ್ಚುತ್ತದೆ, ಕಣಗಳು ಕುಡುಗೋಲಾಗುವುದು ಕಡಿಮೆಯಾಗುತ್ತದೆ ಎಂದು ಫಿಲಡೆಲ್ಫಿಯಾದ ತಂಡವೊಂದು 2018ರಲ್ಲಿ ವರದಿ ಮಾಡಿತು. ಇಐಎಫ್2-ಆಲ್ಫಾದ ಮೇಲೆ ಫಾಸ್ಫೇಟ್ ಹೆಚ್ಚಿಸಿದರೂ ಭ್ರೂಣ ಹಿಮೋಗ್ಲೋಬಿನ್ ಏರುತ್ತದೆ ಎಂಬ 2013ರ ವರದಿ ಇದಕ್ಕೆ ಎದುರಾಗಿ ನಿಂತಿದೆ. ಎರಡನ್ನೂ ಹೊಂದಿಸುವ ವಿವರಣೆ ಬರುವವರೆಗೆ ಅವಸರದ ತೀರ್ಮಾನ ತರವಲ್ಲ.

ಸಿಕಲ್ ಸೆಲ್ ನಿರ್ಮೂಲನೆಗೆ ಕೇಂದ್ರ ಸರ್ಕಾರ 2023ರ ಜುಲೈ 1ರಂದು ಆರಂಭಿಸಿದ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಬುಡಕಟ್ಟು ಜನರ ತಪಾಸಣೆಗೆ ಅದರಲ್ಲಿ ಒತ್ತು. ಹಳಿಯಾಳ, ಜೊಯಿಡಾ, ಮುಂಡಗೋಡ, ಯಲ್ಲಾಪುರ ಸೀಮೆಯ ಬುಡಕಟ್ಟಿನವರಾದ ಸಿದ್ದಿಗಳು ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಇನ್ನು ಮಾರಾಟಕ್ಕಿರುವ ಪುನಸ್ಸಂಯೋಜಿತ ಎಚ್‌ಆರ್‌ಐ ಸಂಶೋಧನೆಗೆ ಮಾತ್ರ, ಚಿಕಿತ್ಸೆಗಲ್ಲ. ಭ್ರೂಣ ಹಿಮೋಗ್ಲೋಬಿನ್ ಹೆಚ್ಚಿಸಲು ಸಿಕಲ್ ಸೆಲ್ ರೋಗಿಗಳಿಗೆ ಆಸ್ಪತ್ರೆಗಳಲ್ಲಿ ರೂಢಿಯಾಗಿ ಕೊಡುವ ಔಷಧ ಹೈಡ್ರಾಕ್ಸಿಯೂರಿಯಾ.